ಪುಲ್ಲಿಯ ಮೇಲಿನ ಗುರುತು

ಮೋಟಾರು ಇಂಜಿನ್ನಿನ ವಿಷಯವಾಗಿ ಬರೆಯಲು ನನಗಿರುವ ಅಧಿಕಾರ ಅಷ್ಟಕ್ಕಷ್ಟೇ. ಪ್ರೌಢಶಾಲೆಯಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಕಲಿಸಿ ನಿವೃತ್ತನಾದವನು ನಾನು. ಹೀರುವುದು, ಒತ್ತುವುದು, ತಳ್ಳುವುದು, ಹೊರಹಾಕುವುದು ಎಂಬ ನಾಲ್ಕು ಹೊಡೆತಗಳ ಚಿತ್ರವನ್ನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬಣ್ಣದ ಚಾಕ್‌ಪೀಸಿನಿಂದ ಬರೆದದ್ದಷ್ಟೇ ಆ ವಿದ್ಯೆಯೊಡನೆ ನನಗಿದ್ದ ಸಂಬಂಧ. ಆದರೆ ನಮ್ಮ ಅಣ್ಣನ ಅಂಬಾಸಡರ್ ಕಾರಿನ ಗತಿ ಏನಾಯಿತೆಂದು ನೆಂಟರಿಷ್ಟರು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಸಲ ಹೇಳುವುದಕ್ಕಿಂತ ಎಲ್ಲರಿಗೂ ಒಮ್ಮೆಗೇ ಬರೆದುಬಿಡುವುದು ಸುಲಭ. ಅದೂ ಅಲ್ಲದೆ, ಈ ಪ್ರಸಂಗದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಾನದ ಪ್ರಶ್ನೆಯೂ ಸೇರಿಕೊಂಡಿತ್ತು.

ಕಾರಿನ ಪೂರ್ವೇತಿಹಾಸ ಹೊಸಬರಿಗೆ ತಿಳಿದಿರಲಿಕ್ಕಿಲ್ಲ. ಅದು 1984ರ ಮಾರ್ಕ್ 4 ಅಂಬಾಸಡರ್. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ಒಳ್ಳೆಯ ಧಾರಣೆ ಸಿಕ್ಕ ಒಂದು ವರ್ಷ ಅಣ್ಣ ಅದನ್ನು ಕೊಂಡು ತಂದ. ಗಳಗನಾಥದಂಥ ಹೊಳೆಯ ದಂಡೆಯ ಊರಿನಲ್ಲಿ ಆಗ ಕಾರೆಂದರೆ ಮನೆಯವರೊಬ್ಬರ ಸೊತ್ತಾಗಿ ಉಳಿಯುತ್ತಿರಲಿಲ್ಲ. ರಾತ್ರಿ ಯಾರಿಗಾದರೂ ಹೆರಿಗೆಯ ಬೇನೆ ಎದ್ದರೆ, ಹಾವು ಕಡಿದರೆ, ಜನ ನೇರವಾಗಿ ನಮ್ಮ ಓಣಿಗೆ ಬಂದು ಬಾಗಿಲು ಬಡಿಯುತ್ತಿದ್ದರು. ಅಣ್ಣ ಧೋತರದ ಮೇಲೊಂದು ಕೋಟು ಹಾಕಿಕೊಂಡು ಗುತ್ತಲದ ಮೇಲಿಂದ ಹಾವೇರಿಗೆ ಹೊರಡುತ್ತಿದ್ದ. 2008ರಲ್ಲಿ 108ರ ಆಂಬ್ಯುಲೆನ್ಸ್ ಬರುವವರೆಗೂ ಇದು ನಡೆದೇ ಇತ್ತು. ಹಿಂದಿನ ಸೀಟಿನಲ್ಲಿಯೇ ಹುಟ್ಟಿದ ಇಬ್ಬರು ಈಗ ಊರಿನಲ್ಲಿ ಸಂಸಾರಸ್ಥರಾಗಿದ್ದಾರೆ. ಆ ಸೀಟಿನ ಗವುಸಣಿಗೆಯನ್ನು ಬೆಳಗಿನ ಜಾವ ಹೊಳೆಗೆ ಒಯ್ದು ತೊಳೆದು ತರುವ ಕೆಲಸ ಮಾತ್ರ ಯಾವಾಗಲೂ ನಮ್ಮ ವೈನಿಯದಾಗಿತ್ತು. ಇದನ್ನು ಯಾರೂ ನೆನಪಿಟ್ಟಂತೆ ಕಾಣುವುದಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇನೆ.

2019ರಲ್ಲಿ ಅಣ್ಣ ತೀರಿಕೊಂಡ ಮೇಲೆ ಕಾರು ದನದ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತುಬಿಟ್ಟಿತು. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ, ತಾಯಿಯ ಮನಸ್ಸು ಅರಿತು, ಅದನ್ನು ಲಾರಿಯ ಮೇಲೆ ಹೇರಿಸಿ ಒಂದು ದೊಡ್ಡ ಊರಿನ ದೊಡ್ಡ ಗ್ಯಾರೇಜಿಗೆ ಒಯ್ದು ಇಂಜಿನ್ನಿನ ಕೆಲಸ ಪೂರ್ತಿ ಮಾಡಿಸಿದ. ಬೋರು ಕೊರೆಸಿ ಹೊಸ ಪಿಸ್ಟನ್ನು, ಹೊಸ ಬೇರಿಂಗು, ಹೊಸ ಟೈಮಿಂಗ್ ಚೈನು ಹಾಕಿಸಿದರು, ವಾಲ್ವುಗಳನ್ನು ಉಜ್ಜಿಸಿದರು. ಆ ಗ್ಯಾರೇಜಿನ ಹೆಸರು ಇಲ್ಲಿ ಬೇಡ. ಅವರ ಕೆಲಸದಲ್ಲಿ ಮುಕ್ಕಾಲು ಪಾಲು ಚೊಕ್ಕಟವಾಗಿಯೇ ಇತ್ತು.

ಉಳಿದ ಕಾಲು ಪಾಲೇ ತೊಂದರೆಗೆ ಮೂಲವಾಯಿತು. ಹಿಂದಿರುಗಿ ಬಂದ ಕಾರು ಚಾಲೂ ಆಗುತ್ತಿತ್ತು, ಸದ್ದೂ ಮೆತ್ತಗಿತ್ತು. ಆದರೆ ಜಗ್ಗುವ ಶಕ್ತಿಯೇ ಇರಲಿಲ್ಲ. ಹೊಳೆಯ ಕಡೆಯಿಂದ ಊರೊಳಗೆ ಏರಿ ಬರುವ ದಿಬ್ಬಕ್ಕೆ ಎರಡನೆಯ ಗೇರು, ಒಮ್ಮೊಮ್ಮೆ ಮೊದಲನೆಯದೂ ಬೇಕಾಗುತ್ತಿತ್ತು. ಗುತ್ತಲ ಮುಟ್ಟುವಷ್ಟರಲ್ಲಿ ಉಷ್ಣತೆಯ ಮುಳ್ಳು ಕೆಂಪು ಪಟ್ಟಿಗೆ ಹೋಗಿ ಕೂಡುತ್ತಿತ್ತು. ಕತ್ತಲೆಯಲ್ಲಿ ಬಾನೆಟ್ಟು ಎತ್ತಿ ನೋಡಿದರೆ ಹೊಗೆ ಹೊರಹೋಗುವ ಎರಕದ ಕೊಳವೆ ಮಂದವಾಗಿ ಕೆಂಪಗೆ ಹೊಳೆಯುತ್ತಿತ್ತು. ಗ್ಯಾರೇಜಿನವರು ಎರಡು ಸಲ ಕರೆಸಿಕೊಂಡು ರೇಡಿಯೇಟರ್ ಬದಲಿಸಿದರು, ಥರ್ಮೋಸ್ಟ್ಯಾಟ್ ಬದಲಿಸಿದರು, ಹೆಡ್ ಗ್ಯಾಸ್ಕೆಟ್ಟನ್ನೂ ಬದಲಿಸಿದರು. ಕೊನೆಗೆ ದೋಷವನ್ನು ಪೆಟ್ರೋಲಿನ ಮೇಲೆ ಹೊರಿಸಿದರು. ಶೇಕಡಾ 20ರಷ್ಟು ಇಥೆನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಬಿಡುಗಡೆಯಾದದ್ದು ನಿಜ. ಹಳೆಯ ಗಾಡಿಗಳ ರಬ್ಬರು ಕೊಳವೆಗಳಿಗೆ ಅದು ಒಗ್ಗುವುದಿಲ್ಲ ಎಂಬುದೂ ನಿಜ. ಆದರೆ ಅದರಿಂದ ಕಾರು ದಿಬ್ಬ ಏರಲಾರದಷ್ಟು ಸೋಲುತ್ತದೆಯೇ?

2024ರಲ್ಲಿ ಕಾರಿಗೆ ನಾಲ್ವತ್ತು ತುಂಬಿತು. ಖಾಸಗಿ ಗಾಡಿಗೆ ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆ ಗಡುವು ಅದೇ ವರ್ಷ ಬಂದಿತು. ತಪಾಸಣೆಗೆ ಒಯ್ಯಲು ಕಾರು ಹಾವೇರಿಯವರೆಗೆ ತನ್ನ ಕಾಲ ಮೇಲೆ ತಾನೇ ಹೋಗಬೇಕಲ್ಲ! ಮಗನಿಗೆ ಬೇಸರವಾಗಿತ್ತು. ದೀಪಾವಳಿಗೆ ಊರಿಗೆ ಬಂದವನು, ಗುಜರಿಯವನೊಬ್ಬ ಸೋಮವಾರ ಬಂದು ನೋಡಲಿದ್ದಾನೆಂದು ಹೇಳಿದ. ವೈನಿ ಏನೂ ಅನ್ನಲಿಲ್ಲ. ಅಂದು ರಾತ್ರಿ ಅವರು ಊಟ ಮಾಡಲಿಲ್ಲವೆಂದು ಮಾತ್ರ ಸೊಸೆಯಿಂದ ತಿಳಿಯಿತು.

ಆಗ ನನಗೆ ನೆನಪಾದವನು ಗುತ್ತಲದಲ್ಲಿ ಸಣ್ಣ ಗ್ಯಾರೇಜು ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಎರಡು ಸಲ ಕುಳಿತು ಬಿಟ್ಟವನು. ಹೆಸರು ಬರೆಯಬೇಡಿರೆಂದು ಅವನೇ ಕೇಳಿಕೊಂಡಿದ್ದಾನೆ. ಅವನ ಓರಗೆಯವರು ಗುರುತಿಸಿಯೇ ಗುರುತಿಸುತ್ತಾರೆ. ನಿಜ ಹೇಳಬೇಕೆಂದರೆ ಒಂದು ತಿಂಗಳ ಹಿಂದೆಯೇ ವೈನಿ ಅವನನ್ನು ಕರೆಸಿದ್ದರು. ಅವನು ಡೆಲ್ಕೋ ತಿರುಗಿಸಿ, ಕಿವಿಗೆ ಹಿತವೆನಿಸುವಷ್ಟಕ್ಕೆ ಟೈಮಿಂಗ್ ಮುಂದೆ ಸರಿಸಿ ಹೋಗಿದ್ದ. ಎರಡು ದಿನ ಕಾರು ಹಕ್ಕಿಯಂತೆ ಓಡಿತ್ತು. ಆಮೇಲೆ ಮಗ ದೊಡ್ಡ ಗ್ಯಾರೇಜಿಗೆ ಫೋನು ಮಾಡಿ ಕೇಳಿದಾಗ, ಅಷ್ಟು ಮುಂದೆ ಸರಿಸಿದರೆ ಹೊಸ ಪಿಸ್ಟನ್ನು ತೂತು ಬೀಳುತ್ತದೆಂದು ಅವರು ಹೆದರಿಸಿದರು. ಅವರು ಹೇಳಿದಂತೆ ಒಬ್ಬ ಡ್ರೈವರು ಮತ್ತೆ ಹಿಂದಿನ ಜಾಗಕ್ಕೇ ತಂದಿಟ್ಟ. ಅಂದಿನಿಂದ, ಇಂಜಿನ್ನು ಕೆಟ್ಟದ್ದು ಹಳ್ಳಿಯ ಹುಡುಗ ಕೈ ಹಾಕಿದ್ದರಿಂದ ಎಂಬ ಮಾತು ಹುಟ್ಟಿಕೊಂಡಿತು. ಗುತ್ತಲದ ಸಂತೆಯಲ್ಲಿ ಇಂಥ ಮಾತು ಒಂದು ವಾರದಲ್ಲಿ ನಾಲ್ಕು ಗಿರಾಕಿಗಳನ್ನು ತಪ್ಪಿಸಬಲ್ಲುದು.

ಡೆಲ್ಕೋ ಎಂಬ ಶಬ್ದ ಓದುಗರಲ್ಲಿ ಕೆಲವರಿಗೆ ಹೊಸದಾಗಿರಬಹುದು. ಪುಸ್ತಕದಲ್ಲಿ ಡಿಸ್ಟ್ರಿಬ್ಯೂಟರ್ ಎಂದು ಬರೆಯುವ ಭಾಗವನ್ನು ನಮ್ಮ ಮಿಸ್ತ್ರಿಗಳೆಲ್ಲ ಹೀಗೆಯೇ ಕರೆಯುತ್ತಾರೆ. ಅಮೆರಿಕದ ಡೇಟನ್ ಎಂಬ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ ಎಂಬವರು 1909ರಲ್ಲಿ ಕಟ್ಟಿದ ಕಂಪನಿಯ ಹೆಸರಿನ ಮೊದಲಕ್ಷರಗಳು ಸೇರಿ ಆದ ಶಬ್ದವದು. ಬ್ಯಾಟರಿ, ಕಾಯಿಲು, ಪಾಯಿಂಟುಗಳಿಂದ ಕಿಡಿ ಹುಟ್ಟಿಸುವ ಪದ್ಧತಿ ಕಾರುಗಳಲ್ಲಿ ನೆಲೆಯಾದದ್ದು ಕೆಟರಿಂಗನಿಂದ. ನಮ್ಮ ಕಾರಿನ ಡೆಲ್ಕೋ ವಾಸ್ತವವಾಗಿ ಮದ್ರಾಸಿನ ಲ್ಯೂಕಾಸ್-ಟಿವಿಎಸ್‌ನದು. ಪ್ಲಗ್ಗುಗಳು ಬೆಂಗಳೂರಿನ ಮೈಕೋದವು. 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆದರೂ ಅಣ್ಣನ ಡಬ್ಬಿಯಲ್ಲಿದ್ದ ಪ್ಲಗ್ಗುಗಳ ಮೇಲೆ ಮೈಕೋ ಎಂದೇ ಇತ್ತು.

ಈಗ ಟೈಮಿಂಗ್ ಎಂದರೇನು? ಪಿಸ್ಟನ್ನು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತ ಮೇಲೇರುತ್ತದೆ. ತುತ್ತತುದಿಗೆ ಮುಟ್ಟಿದ ಮೇಲೆ ಕಿಡಿ ಹಾರಿದರೆ ಸಾಲದು, ಏಕೆಂದರೆ ಮಿಶ್ರಣ ಪೂರ್ತಿ ಉರಿಯಲು ಒಂದಿಷ್ಟು ಹೊತ್ತು ಬೇಕು. ಎರಡು ಮಿಲಿಸೆಕೆಂಡು ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಇಂಜಿನ್ನು ಸೆಕೆಂಡಿಗೆ 50 ಸುತ್ತು, ಅಂದರೆ 18,000 ಡಿಗ್ರಿ ತಿರುಗುತ್ತದೆ. ಎರಡು ಮಿಲಿಸೆಕೆಂಡಿನಲ್ಲಿ 36 ಡಿಗ್ರಿ ಸರಿದುಹೋಗುತ್ತದೆ! ಆದ್ದರಿಂದ ಪಿಸ್ಟನ್ನು ತುದಿ ಮುಟ್ಟುವ ಮೊದಲೇ ಕಿಡಿ ಹಾರಬೇಕು. ವೇಗ ಹೆಚ್ಚಿದಂತೆ ಇನ್ನೂ ಮೊದಲು ಹಾರಬೇಕು. ಡೆಲ್ಕೋದೊಳಗಿನ ಎರಡು ಸಣ್ಣ ತೂಕದ ಗುಂಡುಗಳು ವೇಗಕ್ಕೆ ತಕ್ಕಂತೆ ಹೊರಚಾಚಿ ಈ ಕೆಲಸ ಮಾಡುತ್ತವೆ. ಕಿಡಿ ತೀರ ಮೊದಲೇ ಹಾರಿದರೆ ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಪೆಟ್ಟು ಬಿದ್ದು ಟಣಟಣ ಸದ್ದು ಬರುತ್ತದೆ. ತಡವಾಗಿ ಹಾರಿದರೆ ಸದ್ದೇನೂ ಇರುವುದಿಲ್ಲ. ಆದರೆ ಪಿಸ್ಟನ್ನನ್ನು ತಳ್ಳಬೇಕಾಗಿದ್ದ ಬೆಂಕಿ ಅರ್ಧ ಉರಿಯುತ್ತಲೇ ಹೊರಗಿನ ಕೊಳವೆಗೆ ನುಗ್ಗಿಬಿಡುತ್ತದೆ. ಕೊಳವೆ ಕೆಂಪಗಾಗುವುದು, ನೀರು ಕುದಿಯುವುದು, ಶಕ್ತಿ ಸೋರುವುದು ಎಲ್ಲವೂ ಅದರ ಲಕ್ಷಣಗಳೇ. ನಮ್ಮ ಕಾರಿನದು ಈ ಎರಡನೆಯ ಬಗೆಯ ಕಾಯಿಲೆಯೆಂದು ಹುಡುಗ ಮೊದಲ ದಿನವೇ ಹೇಳಿದ್ದ.

ಶನಿವಾರ ಬೆಳಿಗ್ಗೆ ಅವನು ಬಂದ. ಬರಲು ಒಪ್ಪಿದ್ದೇ ದೊಡ್ಡದು. ನಮ್ಮ ಹುಡುಗ, ಅಂದರೆ ಅಣ್ಣನ ಮಗ, ಟೈಮಿಂಗ್ ಲೈಟು ತರಿಸಿಟ್ಟುಕೊಂಡಿದ್ದ. ಒಂದನೆಯ ಪ್ಲಗ್ಗಿನ ವಯರಿಗೆ ಅದನ್ನು ಜೋಡಿಸಿದರೆ, ಕಿಡಿ ಹಾರಿದಾಗಲೆಲ್ಲ ದೀಪ ಮಿಂಚಿ, ತಿರುಗುವ ಪುಲ್ಲಿಯ ಮೇಲಿನ ಗುರುತು ನಿಂತಂತೆ ಕಾಣುತ್ತದೆ. ಗುರುತು ಮುಳ್ಳಿನ ಎದುರು ಎಲ್ಲಿ ಕಾಣುತ್ತದೆಯೋ ಅದೇ ಟೈಮಿಂಗ್. ಬಿಲ್ಲಿನಲ್ಲಿ ಬರೆದಂತೆ ಗುರುತು ತುದಿಗಿಂತ 5 ಡಿಗ್ರಿ ಮೊದಲು, ಚಾಚೂ ತಪ್ಪದೆ, ನಿಂತಿತ್ತು. ಆಮೇಲೆ ಮಿಸ್ತ್ರಿ ತನ್ನ ಕಿವಿಗೆ ಸರಿಬರುವಷ್ಟು ಡೆಲ್ಕೋ ತಿರುಗಿಸಿದ. ಇಂಜಿನ್ನಿನ ದನಿ ಬದಲಾದದ್ದು ನನಗೂ ತಿಳಿಯಿತು. ಆದರೆ ದೀಪ ಹಿಡಿದರೆ ಗುರುತು 5ರ ಜಾಗ ಬಿಟ್ಟು ಎಲ್ಲಿಯೋ ದೂರ ಹೋಗಿತ್ತು.

“ಕಾಕಾ, ನೀವೇ ನೋಡ್ರಿ. ಹತ್ತೊಂಬತ್ತು, ಇಪ್ಪತ್ತು ಡಿಗ್ರಿ ಆಗೇದ. ಪಿಸ್ಟನ್ ಉಳೀತಾವೇನು?” ಎಂದ ನಮ್ಮವ.

ಅವನ ಭಯ ಸುಳ್ಳಲ್ಲ. ಆದರೆ ಟಣಟಣ ಸದ್ದು ಎಲ್ಲಿ? ದಿಬ್ಬದ ಮೇಲೆ ಮೂರನೆಯ ಗೇರಿನಲ್ಲಿ ಬೇಕೆಂದೇ ಜಗ್ಗಿಸಿ ನೋಡಿದೆವು. ಇರಲೇ ಇಲ್ಲ.

ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಕಡೆ ತಿರುಗಿ, “ಸರ್ರ, ಕಿವಿ ಒಂದ ಹೇಳ್ತೈತಿ, ಗುರುತು ಒಂದ ಹೇಳ್ತೈತ್ರಿ. ನೀವು ವರ್ನಿಯರ್ ಕಲಿಸುಮುಂದ ಶೂನ್ಯ ದೋಷ ಅಂತ ಹೇಳ್ತಿದ್ರಲ್ರಿ, ಅಳತಿ ಮಾಡೂಕಿಂತ ಮೊದ್ಲ ಕೋಲು ಸರಿ ಐತೇನು ನೋಡ್ರೀ ಅಂತ. ಇದ್ರಾಗೂ ಅದ ಇದ್ರ?” ಎಂದ.

ವರ್ನಿಯರ್ ಕ್ಯಾಲಿಪರಿನ ದವಡೆಗಳು ಕೂಡಿದಾಗ ಸೊನ್ನೆಗೆ ಸೊನ್ನೆ ಸೇರದಿದ್ದರೆ ಆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕು. ಶಾಲೆಯ ನಾಲ್ಕು ಕ್ಯಾಲಿಪರುಗಳಲ್ಲಿ ಮೂರಕ್ಕೆ ಆ ದೋಷವಿದ್ದದ್ದರಿಂದ ಈ ಪಾಠ ಮಕ್ಕಳಿಗೆ ಚೆನ್ನಾಗಿ ಮನದಟ್ಟಾಗುತ್ತಿತ್ತು!

ಪುಲ್ಲಿಯ ಗುರುತು ನಿಜ ಹೇಳುತ್ತದೆಯೋ ಇಲ್ಲವೋ ಎಂಬುದನ್ನು ಪಿಸ್ಟನ್ನನ್ನೇ ಕೇಳಬೇಕು. ಪಿಸ್ಟನ್ನು ತುದಿಯಲ್ಲಿ ಒಂದು ಕ್ಷಣ ನಿಂತಂತೆ ಆಗುವುದರಿಂದ, ತಂತಿ ಇಳಿಬಿಟ್ಟು ಅದರ ಅತಿ ಎತ್ತರದ ಜಾಗವನ್ನು ಕಂಡುಹಿಡಿಯುವುದು ನೆಚ್ಚುವ ಮಾತಲ್ಲ. ಆ ಜಾಗದಲ್ಲಿ ಐದಾರು ಡಿಗ್ರಿ ತಿರುಗಿದರೂ ಪಿಸ್ಟನ್ನು ಕದಲಿದ್ದು ತಿಳಿಯುವುದಿಲ್ಲ. ಮಿಸ್ತ್ರಿಯ ಉಸ್ತಾದ ಕಲಿಸಿದ್ದ ಉಪಾಯ ಬೇರೆ. ಹಳೆಯ ಪ್ಲಗ್ಗೊಂದರ ಪಿಂಗಾಣಿಯನ್ನು ಒಡೆದು ತೆಗೆದು, ಅದರೊಳಗೆ ಮೊಂಡು ತುದಿಯ ಬೋಲ್ಟನ್ನು ಕೂಡಿಸಿ, ಒಂದನೆಯ ಸಿಲಿಂಡರಿಗೆ ತಿರುಪಿದ. ಉಳಿದ ಮೂರು ಪ್ಲಗ್ಗುಗಳನ್ನು ಬಿಚ್ಚಿದ. ಬ್ಯಾಟರಿಯ ತಂತಿಯನ್ನೂ ಕಳಚಿದ. ಈ ಸ್ಥಿತಿಯಲ್ಲಿ ಯಾರಾದರೂ ಮರೆತು ಸ್ಟಾರ್ಟರ್ ಒತ್ತಿದರೆ ಪಿಸ್ಟನ್ನಿನ ತಲೆ ಒಡೆದಂತೆಯೇ. ಆಮೇಲೆ ಹ್ಯಾಂಡಲಿನಿಂದ ಮೆಲ್ಲಗೆ ತಿರುಗಿಸಿದಾಗ ಪಿಸ್ಟನ್ನು ಮೇಲೇರುತ್ತ ಬಂದು ಬೋಲ್ಟಿಗೆ ತಾಗಿ ನಿಂತಿತು. ಮುಳ್ಳಿನ ಎದುರು ಪುಲ್ಲಿಯ ಮೇಲೆ ಒಂದು ಗೆರೆ. ಇನ್ನು ಹಿಮ್ಮುಖವಾಗಿ ತಿರುಗಿಸಬೇಕು. ಹ್ಯಾಂಡಲು ಒಂದೇ ದಿಕ್ಕಿಗೆ ಕಚ್ಚುವುದರಿಂದ ಕಾರನ್ನು ನಾಲ್ಕನೆಯ ಗೇರಿಗೆ ಹಾಕಿ ನಾವು ಮೂವರೂ, ಓಣಿಯ ಇಬ್ಬರು ಹುಡುಗರೂ ಸೇರಿ ಅಂಗುಲ ಅಂಗುಲವಾಗಿ ಹಿಂದಕ್ಕೆ ನೂಕಿದೆವು. ಪಿಸ್ಟನ್ನು ಇಳಿದು, ಮತ್ತೆ ಇನ್ನೊಂದು ಬದಿಯಿಂದ ಏರಿ ಬಂದು ಅದೇ ಬೋಲ್ಟಿಗೆ ತಾಗಿತು. ಎರಡನೆಯ ಗೆರೆ. ಈ ಎರಡು ಗೆರೆಗಳ ನಡುವಿನ ಸಣ್ಣ ಕಮಾನಿನ ನಟ್ಟನಡುವೆ ಇರುವುದೇ ನಿಜವಾದ ತುದಿ. ಇದರಲ್ಲಿ ಕಿವಿಯ ಮಾತೂ ಇಲ್ಲ, ಬಿಲ್ಲಿನ ಮಾತೂ ಇಲ್ಲ.

ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಹೊಲಿಗೆಯ ದಾರವನ್ನು ಪುಲ್ಲಿಯ ಅಂಚಿಗೆ ಸುತ್ತಿ ಸ್ಕೇಲಿನ ಮೇಲೆ ಹಿಡಿದಾಗ ಪರಿಧಿ 432 ಮಿಲಿಮೀಟರು ಬಂತು. 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 1.2 ಮಿಲಿಮೀಟರು. ಲೆಕ್ಕದ ಪುಸ್ತಕದವರು ಬೇಕೆಂದೇ ಕೊಟ್ಟಂಥ ಸಂಖ್ಯೆ! ಎರಡು ಗೆರೆಗಳ ನಡುವೆ 96 ಮಿಲಿಮೀಟರು, ಅರ್ಧ 48. ಅಲ್ಲೊಂದು ಗೆರೆ ಹಾಕಿ ಪುಲ್ಲಿಯ ಮೂಲ ಕಚ್ಚಿಗೂ ಅದಕ್ಕೂ ಇದ್ದ ದೂರ ನೋಡಿದರೆ 17 ಮಿಲಿಮೀಟರು. ಹತ್ತಿರ ಹತ್ತಿರ 14 ಡಿಗ್ರಿ.

ನಮ್ಮ ಹುಡುಗನ ಮುಖ ನೋಡಬೇಕಿತ್ತು. ಅವನು ಮೂಲತಃ ಬುದ್ಧಿವಂತ. ಉಳಿದ ಲೆಕ್ಕವನ್ನು ತಾನೇ ಮಾಡಿದ. ಗುರುತನ್ನು ನಂಬಿ ತುದಿಗಿಂತ 5 ಡಿಗ್ರಿ ಮೊದಲು ಇಟ್ಟ ಕಿಡಿ ವಾಸ್ತವದಲ್ಲಿ ತುದಿ ದಾಟಿ 9 ಡಿಗ್ರಿಯಾದ ಮೇಲೆ ಹಾರುತ್ತಿತ್ತು. ಮಿಸ್ತ್ರಿಯ ಕಿವಿ ಆರಿಸಿದ 19 ಡಿಗ್ರಿ ವಾಸ್ತವದಲ್ಲಿ 5 ಡಿಗ್ರಿಯಾಗಿತ್ತು. ಅಂದರೆ ಹಳ್ಳಿಯ ಹುಡುಗ ಒಂದು ತಿಂಗಳ ಹಿಂದೆ ಬಂದು ಮಾಡಿ ಹೋದದ್ದು ಕೈಪಿಡಿಯ ಕೆಲಸವನ್ನೇ. ನಮ್ಮವ ಎದ್ದು ಹೋಗಿ ಒಳಗಿನಿಂದ ಎರಡು ಲೋಟ ಚಹಾ ತಂದ. ಒಂದನ್ನು ಅವನ ಕೈಗಿತ್ತು, “ತಪ್ಪ ತಿಳೀಬ್ಯಾಡಪಾ” ಎಂದ. ಅವನು, “ಇರ್ಲಿ ಬಿಡ್ರಿ ಅಣ್ಣಾರ, ನಂಗೂ ಸಂಶೇ ಇತ್ರಿ” ಎಂದುಬಿಟ್ಟ. ಅದು ಅವನ ದೊಡ್ಡತನ. ನನಗೇನೂ ಅಷ್ಟು ಸುಲಭವಾಗಿ ಬಿಡುವ ಮನಸ್ಸಿರಲಿಲ್ಲ. ಅಂದೇ ಸಂಜೆ ಗುತ್ತಲದ ಚಹಾದಂಗಡಿಯಲ್ಲಿ ನಮ್ಮವನನ್ನು ಕೂಡಿಸಿಕೊಂಡು ಈ ಕಥೆಯನ್ನು ನಾಲ್ಕು ಜನ ಕೇಳುವಂತೆ ಹೇಳಿಸಿದೆ.

ಗುರುತು ಸುಳ್ಳಾದದ್ದು ಹೇಗೆ? ಪುಲ್ಲಿ ನಮ್ಮ ಇಂಜಿನ್ನಿನದಾಗಿರಲಿಲ್ಲ. ಅಣ್ಣನ ಕಾಲದ ಪುಲ್ಲಿಯ ಅಂಚು ಹೊಳೆ ದಾಟುವಾಗ ಕಲ್ಲಿಗೆ ಬಡಿದು ಮುಕ್ಕಾಗಿತ್ತೆಂಬುದು ಮನೆಯವರಿಗೆಲ್ಲ ಗೊತ್ತು. ಈಗಿರುವುದಕ್ಕೆ ಆ ಮುಕ್ಕಿಲ್ಲ. ಬೆಲ್ಟು ಕೂಡುತ್ತದೆ, ಚಾವಿಯ ಗಾಡಿಯೂ ಹೊಂದುತ್ತದೆ. ಆದರೆ ಗಾಡಿಗೂ ಕಚ್ಚಿಗೂ ಇರುವ ಕೋನ ಬೇರೆ. ಕೆಲಸ ಮಾಡಿದವನು ಮುಕ್ಕಾದದ್ದನ್ನು ಎಸೆದು ಒಳ್ಳೆಯದನ್ನು ಹಾಕಿದ. ಅವನ ಉದ್ದೇಶ ಕೆಟ್ಟದ್ದಲ್ಲ.

ಇಷ್ಟಾದ ಮೇಲೂ ಮಿಸ್ತ್ರಿ ತೃಪ್ತನಾಗಲಿಲ್ಲ. ಹೊಸ ಟೈಮಿಂಗ್ ಚೈನನ್ನು ಒಂದು ಹಲ್ಲು ತಪ್ಪಿಸಿ ಕೂಡಿಸಿದ್ದರೆ ವಾಲ್ವುಗಳೂ ಹೊತ್ತು ತಪ್ಪುತ್ತವೆ; ಆಗ ಡೆಲ್ಕೋ ಎಷ್ಟು ತಿರುಗಿಸಿದರೂ ಇಂಜಿನ್ನು ಪೂರ್ಣ ಬಲಕ್ಕೆ ಬರುವುದಿಲ್ಲ. ರಾಕರಿನ ಮುಚ್ಚಳ ತೆಗೆದು, ಒಂದನೆಯ ಪಿಸ್ಟನ್ನನ್ನು ಒತ್ತುವ ಹೊಡೆತದ ತುದಿಗೆ ತಂದು, ನಾಲ್ಕನೆಯ ಸಿಲಿಂಡರಿನ ಎರಡು ವಾಲ್ವುಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ಹೊಸ ಗೆರೆಯ ಆಸುಪಾಸಿನಲ್ಲಿಯೇ ತೂಗುತ್ತವೆ ಎಂಬುದನ್ನು ನನಗೆ ತೋರಿಸಿದ. ಚೈನು ಸರಿಯಿತ್ತು. ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಮೊದಲು ಇಟ್ಟು, ಆಮೇಲೆ ಟೈಮಿಂಗ್ ಮುಟ್ಟಿದ. ಸಂದು ಹಿಗ್ಗಿದರೆ ಪಾಯಿಂಟು ಬೇಗ ತೆರೆಯುತ್ತದೆ, ಕುಗ್ಗಿದರೆ ತಡವಾಗಿ ತೆರೆಯುತ್ತದೆ. ಆದ್ದರಿಂದ ಈ ಕ್ರಮ ತಲೆಕೆಳಗಾದರೆ ಮಾಡಿದ್ದೆಲ್ಲ ವ್ಯರ್ಥ. ಹೊಸ ಗೆರೆಯಿಂದ 6 ಮಿಲಿಮೀಟರು ಅಳೆದು 5 ಡಿಗ್ರಿಯ ಜಾಗ ಗುರುತಿಸಿದೆವು. ಪಾಯಿಂಟಿನ ತಂತಿಗೂ ಬಾಡಿಗೂ ನಡುವೆ ಹನ್ನೆರಡು ವೋಲ್ಟಿನ ಬಲ್ಬು ಹಿಡಿದು, ಆ ಜಾಗದಲ್ಲಿ ಅದು ಹೊತ್ತುವಂತೆ ಡೆಲ್ಕೋ ಬಿಗಿಸಿದ. ಇಂಜಿನ್ನು ಚಾಲೂ ಮಾಡದೆಯೇ ಟೈಮಿಂಗ್ ಆಯಿತು!

ಕೊನೆಗೊಂದು ಸಣ್ಣ ಕೊರತೆ ಉಳಿಯಿತು. ಸಮತಟ್ಟು ರಸ್ತೆಯಲ್ಲಿ ಹಗುರಾಗಿ ಹೋಗುವಾಗ ಸ್ವಲ್ಪ ಮುಗ್ಗರಿಸುತ್ತಿತ್ತು. ಡೆಲ್ಕೋದ ಪಕ್ಕದ ವ್ಯಾಕ್ಯೂಮಿನ ಸಣ್ಣ ಕೊಳವೆ ಬಿಚ್ಚಿ ಬಾಯಿಂದ ಎಳೆದ. ಒಳಗಿನ ಪೊರೆ ಗಟ್ಟಿಯಿದ್ದರೆ ನಾಲಗೆಗೆ ಅಂಟಬೇಕು, ಇದು ಗಾಳಿ ಬಿಡುತ್ತಿತ್ತು. ರಾಣೇಬೆನ್ನೂರಿನ ಹಳೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಮರುದಿನ ಅದೂ ಸಿಕ್ಕಿತು.

ಗುಜರಿಯವನಿಗೆ ಭಾನುವಾರವೇ ಬರಬೇಡವೆಂದು ಫೋನು ಮಾಡಲಾಯಿತು. ಮುಂದಿನ ವಾರ ವೈನಿಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹಾವೇರಿಗೆ ಹೋಗಿ ಬಂದೆವು. ಮುಳ್ಳು ನಡುವನ್ನು ದಾಟಲಿಲ್ಲ. ಗಳಗೇಶ್ವರನ ಗುಡಿಯ ಮುಂದಿನಿಂದ ಮೂರನೆಯ ಗೇರಿನಲ್ಲಿ ಏರುವಾಗ ವೈನಿ, “ಏನ್ ಮಾಸ್ತರ, ಈಗ ಅವ್ರು ಹೊಡಿಯುಮುಂದ ಕೇಳಸ್ತಿದ್ದ ಸಪ್ಪಳ ಬಂತು ನೋಡ್ರಿ” ಎಂದರು. ತಪಾಸಣೆ ಮುಗಿದು ನೋಂದಣಿ 2029ರವರೆಗೆ ಮುಂದುವರಿದಿದೆ.

ಪುಲ್ಲಿಯನ್ನು ಸದ್ಯಕ್ಕೆ ಬದಲಿಸಿಲ್ಲ. ಸುಳ್ಳು ಕಚ್ಚನ್ನು ಎಂ-ಸೀಲಿನಿಂದ ತುಂಬಿ, ನಿಜವಾದ ಜಾಗದಲ್ಲಿ ಅರದಿಂದ ಹೊಸ ಕಚ್ಚು ಹಾಕಿ ಬಿಳಿಯ ಬಣ್ಣ ತುಂಬಿದ್ದೇವೆ. ಮುಂದೆ ಕೈ ಹಾಕುವವರಿಗೆ ತಿಳಿಯಲೆಂದು ನಮ್ಮ ಹುಡುಗ ಬಾನೆಟ್ಟಿನ ಒಳಮೈಗೆ ಒಂದು ಚೀಟಿಯನ್ನೂ ಅಂಟಿಸಿದ್ದಾನೆ. ಆದರೂ ಮೂಲದ ಪುಲ್ಲಿಯೇ ಇದ್ದರೆ ಚೆನ್ನು. ಅಂಬಾಸಡರ್ ತಯಾರಿಕೆ 2014ರಲ್ಲಿಯೇ ನಿಂತಿತು. ಆದರೆ ನಿಮ್ಮಲ್ಲಿ ಯಾರ ಹಿತ್ತಿಲಿನಲ್ಲಾದರೂ, ಯಾರ ಮಾವನ ಶೆಡ್ಡಿನಲ್ಲಾದರೂ 1489 ಸಿಸಿಯ ಹಳೆಯ ಪೆಟ್ರೋಲ್ ಇಂಜಿನ್ನು ಬಿದ್ದಿರಬಹುದು. ಇದ್ದರೆ ನನಗೊಂದು ಮಾತು ತಿಳಿಸಿರಿ. ಮಿಸ್ತ್ರಿಯೇ ಬಂದು ನೋಡಿ, ಬಿಚ್ಚುವ ಮೊದಲು ಗಾಡಿಯಿಂದ ಕಚ್ಚಿಗೆ ಇರುವ ದೂರವನ್ನು ದಾರ ಹಿಡಿದು ಅಳೆದುಕೊಳ್ಳುತ್ತಾನೆ.